ಎರಡು ಎಲ್ಮೈರಾಗಳ ನಡುವೆ

ಎಲ್ಮೈರಾ ಎಂಬ ಹೆಸರಿನ ಊರೊಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದೆ. ಅದೇ ಹೆಸರಿನ ಇನ್ನೊಂದು ಊರು ಗಡಿಯಾಚೆ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿದೆ. ಎರಡಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಆದರೆ ತಪ್ಪು ಮಾಡಿದ ಹರೆಯದ ಹುಡುಗರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಕಳೆದ ಒಂದೂವರೆ ಶತಮಾನದಲ್ಲಿ ಜಗತ್ತು ಕಂಡುಕೊಂಡ ಎರಡು ದೊಡ್ಡ ಉತ್ತರಗಳು ಈ ಎರಡು ಊರುಗಳ ಹೆಸರಿನೊಂದಿಗೆ ಬೆಸೆದುಕೊಂಡಿವೆ. ಮೊದಲನೆಯದು 1876ರದು. ಅದು ಇಂಗ್ಲೆಂಡ್ ಸುತ್ತಿಕೊಂಡು ನಮ್ಮ ಧಾರವಾಡದ ತನಕ ಬಂದಿತ್ತು. ಎರಡನೆಯದು 1974ರದು. ಅದು ನಮ್ಮ ಜೈಲುಗಳ ಬಾಗಿಲು ತಟ್ಟಿದ್ದು ಬಹಳ ಕಡಿಮೆ.

ಈ ಇತಿಹಾಸವನ್ನು ಈಗ ನೆನಪಿಸಿಕೊಳ್ಳಲು ಕಾರಣವಿದೆ. ಯಾವುದೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಒಂದು ಬೆಳಗ್ಗೆ ನಿಂತು ನೋಡಿ. ಪೊಲೀಸ್ ವ್ಯಾನಿನಿಂದ ಇಳಿಯುವವರಲ್ಲಿ ಮೀಸೆ ಸರಿಯಾಗಿ ಮೂಡದ ಮುಖಗಳೇ ಹೆಚ್ಚು. ಮರದಡಿಯಲ್ಲಿ ಬುತ್ತಿ ಹಿಡಿದು ಕಾದಿರುವ ತಾಯಂದಿರು, ಬುರ್ಖಾದವರೂ ಸೆರಗು ಹೊದ್ದವರೂ, ಆ ಮುಖಗಳನ್ನು ಹುಡುಕುತ್ತಿರುತ್ತಾರೆ. ನಮ್ಮ ದೇಶದ ವಿಚಾರಣಾಧೀನ ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 18ರಿಂದ 30ರ ವಯಸ್ಸಿನವರು ಎಂದು ಸರ್ಕಾರದ ಅಂಕಿಅಂಶಗಳೇ ವರ್ಷ ವರ್ಷವೂ ಹೇಳುತ್ತಾ ಬಂದಿವೆ. ಅವರಲ್ಲಿ ಮುಸ್ಲಿಮರ, ದಲಿತರ, ಆದಿವಾಸಿಗಳ ಪಾಲು ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಹೆಚ್ಚು. ಹದಿನೆಂಟು ತುಂಬುವ ಹಿಂದಿನ ದಿನದವರೆಗೆ ಹುಡುಗನಿಗೆ ಬಾಲನ್ಯಾಯ ಮಂಡಳಿ, ವೀಕ್ಷಣಾಲಯ, ಆಪ್ತಸಮಾಲೋಚಕ ಎಲ್ಲ ಉಂಟು. ಮರುದಿನ ಅದೇ ಹುಡುಗನಿಗೆ ಇರುವುದು ಜೈಲಿನ ಬ್ಯಾರಕ್ ಮಾತ್ರ.

ಅಂಕ ಕೊಡುವ ಸೆರೆಮನೆ

1870ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಸೆರೆಮನೆ ಅಧಿಕಾರಿಗಳ, ಸುಧಾರಕರ ಒಂದು ಮಹಾಸಮ್ಮೇಳನ ನಡೆಯಿತು. ಸೆರೆಮನೆಯ ಗುರಿ ಸೇಡು ತೀರಿಸಿಕೊಳ್ಳುವುದಲ್ಲ, ಮನುಷ್ಯನನ್ನು ತಿದ್ದುವುದು ಎಂದು ಅಲ್ಲಿ ನಿರ್ಣಯವಾಯಿತು. ಅಂದು ಪ್ರಬಂಧ ಮಂಡಿಸಿದವರಲ್ಲಿ ಜೆಬುಲನ್ ಬ್ರಾಕ್‌ವೇ ಎಂಬ ಜೈಲು ಅಧಿಕಾರಿಯೂ ಒಬ್ಬ. ಆರು ವರ್ಷಗಳ ಬಳಿಕ ನ್ಯೂಯಾರ್ಕ್ ರಾಜ್ಯ ಎಲ್ಮೈರಾದಲ್ಲಿ ಹೊಸ ಸುಧಾರಣಾಲಯ ತೆರೆದು ಅದರ ಹೊಣೆಯನ್ನು ಅವನಿಗೆ ವಹಿಸಿತು. ಅಲ್ಲಿಗೆ ಸೇರಿಸಿದ್ದು 16ರಿಂದ 30 ವಯಸ್ಸಿನ, ಮೊದಲ ಸಲ ಗಂಭೀರ ಅಪರಾಧ ಮಾಡಿದ ಗಂಡಸರನ್ನು. ಹಳೆಯ ಕಳ್ಳರ ನಡುವೆ ಹೊಸ ಹುಡುಗನನ್ನು ಕೂಡಿಹಾಕಿದರೆ ಅವನು ಕಳ್ಳತನದಲ್ಲಿ ಪಂಡಿತನಾಗಿ ಹೊರಬರುತ್ತಾನೆ ಎಂಬುದು ಆಗಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಬ್ರಾಕ್‌ವೇಯ ವ್ಯವಸ್ಥೆ ಶಾಲೆಯನ್ನು ಹೋಲುತ್ತಿತ್ತು. ದುಡಿಮೆಗೆ, ಪಾಠಕ್ಕೆ, ನಡತೆಗೆ ತಿಂಗಳು ತಿಂಗಳು ಅಂಕ. ಕೈದಿಗಳಲ್ಲಿ ಮೂರು ದರ್ಜೆ. ಹೊಸಬ ನಡುವಿನ ದರ್ಜೆಯಲ್ಲಿ ಆರಂಭಿಸಬೇಕು. ಅಂಕ ಗಳಿಸಿದರೆ ಮೇಲಕ್ಕೆ, ಕಳೆದುಕೊಂಡರೆ ಕೆಳಕ್ಕೆ. ಶಿಕ್ಷೆಯ ಅವಧಿಯನ್ನು ನ್ಯಾಯಾಧೀಶ ನಿಗದಿ ಮಾಡುತ್ತಿರಲಿಲ್ಲ. ಕಾನೂನಿನ ಗರಿಷ್ಠ ಮಿತಿಯೊಳಗೆ ಯಾವಾಗ ಬಿಡಬೇಕೆಂಬುದು ಸುಧಾರಣಾಲಯದ ತೀರ್ಮಾನ. ಒಳಗೆ ಕಸುಬು ಕಲಿಸುತ್ತಿದ್ದರು, ವ್ಯಾಯಾಮಶಾಲೆ ಇತ್ತು, ಕೈದಿಗಳದೇ ಪತ್ರಿಕೆಯೂ ಹೊರಡುತ್ತಿತ್ತು. ಪೆರೋಲಿನ ಮೇಲೆ ಹೊರಬಂದವನು ತನಗೆ ನೇಮಿಸಿದ ಒಬ್ಬ ಹಿತೈಷಿಗೆ ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕಿತ್ತು. ಯುರೋಪಿನಿಂದ ಜನ ಹಡಗು ಹತ್ತಿ ಬಂದು ಎಲ್ಮೈರಾವನ್ನು ನೋಡಿ ಬೆರಗಾಗಿ ಹೋಗುತ್ತಿದ್ದರು.

ಬೆರಗಾದವರಿಗೆ ಕಾಣದ ಒಂದು ಕೋಣೆ ಅಲ್ಲಿತ್ತು. 1893ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಅದರ ಬಾಗಿಲು ತೆರೆಯಿತು. ಸ್ನಾನದ ಕೋಣೆಗೆ ಒಯ್ದು ಹುಡುಗರನ್ನು ಚರ್ಮದ ಪಟ್ಟಿಯಿಂದ ಥಳಿಸಲಾಗುತ್ತಿತ್ತು. ಪಟ್ಟಿ ಹಿಡಿಯುತ್ತಿದ್ದದ್ದು ಸ್ವತಃ ಬ್ರಾಕ್‌ವೇ. ರಾಜ್ಯದ ಮಂಡಳಿ ವಿಚಾರಣೆ ನಡೆಸಿ 1894ರಲ್ಲಿ ಅವನನ್ನು ಕಟುವಾಗಿ ಖಂಡಿಸಿತು. ಆದರೂ ಅವನು 1900ರವರೆಗೆ ಕುರ್ಚಿಯಲ್ಲೇ ಇದ್ದ. ಐದು ವರ್ಷದ ನಂತರ ಅದೇ ಎಲ್ಮೈರಾ ಪಟ್ಟಣದ ಮೇಯರ್ ಕೂಡ ಆದ! ತಾನು ಹುಡುಗರನ್ನು ತಿದ್ದುತ್ತಿದ್ದೇನೆ ಎಂಬ ವಿಷಯದಲ್ಲಿ ಅವನಿಗೆ ಕೊನೆಗೂ ಸಂಶಯ ಬಂದಂತೆ ಕಾಣುವುದಿಲ್ಲ. ಹೊಡೆತದ ಕಥೆ ಎಷ್ಟು ಭಯಾನಕವೋ ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇಲ್ಲಿದೆ. ಆ ಇಡೀ ಲೆಕ್ಕದ ಪುಸ್ತಕದಲ್ಲಿ ಹುಡುಗನ ದುಡಿಮೆಗೆ, ಪಾಠಕ್ಕೆ, ನಡತೆಗೆ ಕಾಲಂ ಇತ್ತು. ಅವನಿಂದ ಪೆಟ್ಟು ತಿಂದವನಿಗೆ, ಮನೆ ದೋಚಿಸಿಕೊಂಡವಳಿಗೆ ಒಂದು ಕಾಲಂ ಇರಲಿಲ್ಲ.

ಕೆಂಟ್‌ನ ಹಳ್ಳಿಯಿಂದ ಧಾರವಾಡಕ್ಕೆ

ಇಂಗ್ಲೆಂಡಿನ ಸೆರೆಮನೆ ಆಯೋಗದ ಮುಖ್ಯಸ್ಥ ಎವೆಲಿನ್ ರಗಲ್ಸ್ ಬ್ರೈಸ್ 1897ರಲ್ಲಿ ಅಮೆರಿಕಕ್ಕೆ ಹೋಗಿ ಎಲ್ಮೈರಾವನ್ನು ನೋಡಿ ಬಂದ. ಅದಕ್ಕೆ ಎರಡು ವರ್ಷ ಮುಂಚೆ, 1895ರಲ್ಲಿ, ಗ್ಲಾಡ್‌ಸ್ಟನ್ ಸಮಿತಿ ಒಂದು ಮಾತು ಹೇಳಿತ್ತು: ರೂಢಿಗತ ಅಪರಾಧಿಗಳು ತಯಾರಾಗುವುದು 16ರಿಂದ 21ರ ನಡುವಿನ ವಯಸ್ಸಿನಲ್ಲಿ. ಹಾಗಾಗಿ ಆ ವಯಸ್ಸಿನವರನ್ನು ಬೇರೆಯಾಗಿಟ್ಟು ತಿದ್ದುವ ಪ್ರಯೋಗ ಕೆಂಟ್ ಪ್ರಾಂತ್ಯದ ರೋಚೆಸ್ಟರ್ ಬಳಿಯ ಬೋರ್ಸ್ಟಲ್ ಎಂಬ ಹಳ್ಳಿಯ ಜೈಲಿನಲ್ಲಿ 1902ರ ಹೊತ್ತಿಗೆ ಶುರುವಾಯಿತು. ಹಳ್ಳಿಯ ಹೆಸರೇ ವ್ಯವಸ್ಥೆಯ ಹೆಸರಾಯಿತು. 1908ರಲ್ಲಿ ಕಾನೂನು ಬಂತು. ಒಂದರಿಂದ ಮೂರು ವರ್ಷ ಒಳಗೆ, ಬಳಿಕ ಹೊರಗೆ ಮೇಲ್ವಿಚಾರಣೆ.

ಆರಂಭದ ಬೋರ್ಸ್ಟಲ್ ಕವಾಯತಿನ ಶಾಲೆಯಂತಿತ್ತು. ಅದಕ್ಕೆ ಜೀವ ತುಂಬಿದವನು 1922ರಲ್ಲಿ ಆಯೋಗದ ಸದಸ್ಯನಾದ ಅಲೆಕ್ಸಾಂಡರ್ ಪ್ಯಾಟರ್ಸನ್. ಅವನು ಆಕ್ಸ್‌ಫರ್ಡಿನಲ್ಲಿ ಓದಿದವನು. ಓದು ಮುಗಿದ ಮೇಲೆ ಲಂಡನ್ನಿನ ಬರ್ಮಂಡ್ಸಿ ಎಂಬ ಬಡ ಪೇಟೆಯಲ್ಲಿ ವರ್ಷಗಟ್ಟಲೆ ಅಲ್ಲಿನ ಹುಡುಗರ ಜೊತೆ ಬದುಕಿದ್ದ. ಅವನು ತಂದ ಬದಲಾವಣೆ ಬಹಳ ಸರಳ. ಬೋರ್ಸ್ಟಲ್ ಅನ್ನು ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿ ಪ್ರತಿ ಮನೆಗೆ ಒಬ್ಬ ಹಿರಿಯನನ್ನು ನೇಮಿಸಿದ. ಆ ಹಿರಿಯ ಸಮವಸ್ತ್ರ ತೊಡುವಂತಿಲ್ಲ. ಅವನಿಗೆ ತನ್ನ ಮನೆಯ ಪ್ರತಿಯೊಬ್ಬ ಹುಡುಗನ ಹೆಸರು, ತಾಯಿಯ ಸುದ್ದಿ, ಕೆಲಸದ ಆಸೆ ಗೊತ್ತಿರಬೇಕು. ಇಂದು ಇಂಗ್ಲಿಷಿನಲ್ಲಿ ಮೆಂಟರ್ ಎನ್ನುವ ಕೆಲಸವನ್ನು ಅಂದು ಅವನು ಮಾಡಿಸಿದ.

1930ರ ಮೇ ತಿಂಗಳಲ್ಲಿ ನಡೆದ ಒಂದು ಪಾದಯಾತ್ರೆಯ ಕಥೆ ಈ ಸಂದರ್ಭದಲ್ಲಿ ಹೇಳಲೇಬೇಕು. ಲಂಡನ್ ಹತ್ತಿರದ ಫೆಲ್ಟಮ್ ಬೋರ್ಸ್ಟಲ್‌ನಿಂದ ಸುಮಾರು ನಲವತ್ತು ಹುಡುಗರನ್ನು ಕರೆದುಕೊಂಡು ಡಬ್ಲ್ಯು. ಡಬ್ಲ್ಯು. ಲೆವೆಲಿನ್ ಎಂಬ ಅಧಿಕಾರಿ ಕಾಲ್ನಡಿಗೆಯಲ್ಲಿ ಹೊರಟ. ಬೇಡಿಯಿಲ್ಲ, ಬಂದೂಕಿಲ್ಲ. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಅವರು ನಾಟಿಂಗ್‌ಹ್ಯಾಮ್ ಪ್ರಾಂತ್ಯದ ಲೌಡಮ್ ಗ್ರೇಂಜ್ ತಲುಪಿದರು. ಅಲ್ಲಿ ಅವರಿಗಾಗಿ ಕಾದಿದ್ದದ್ದು ಬಯಲು ಮತ್ತು ಡೇರೆಗಳು. ಗೋಡೆಯಿಲ್ಲದ ಬೋರ್ಸ್ಟಲ್ ಅನ್ನು ಆ ಹುಡುಗರೇ ಕಟ್ಟಿದರು. ಹತ್ತು ವರ್ಷಗಳ ನಂತರದ ಮಾತು: ಬಾಂಬಿನ ಸಾಮಗ್ರಿಯೊಂದಿಗೆ 1939ರಲ್ಲಿ ಲಿವರ್‌ಪೂಲಿನಲ್ಲಿ ಸಿಕ್ಕಿಬಿದ್ದ ಹದಿನಾರರ ಐರಿಶ್ ಹುಡುಗ ಬ್ರೆಂಡನ್ ಬೀಹನ್‌ನನ್ನು ಇಂಥದೇ ಒಂದು ತೆರೆದ ಬೋರ್ಸ್ಟಲ್‌ಗೆ ಕಳುಹಿಸಿದರು. ಮುಂದೆ ದೊಡ್ಡ ನಾಟಕಕಾರನಾದ ಬೀಹನ್ ತನ್ನ 'ಬೋರ್ಸ್ಟಲ್ ಬಾಯ್' ಕೃತಿಯಲ್ಲಿ ಬ್ರಿಟಿಷ್ ಆಳ್ವಿಕೆಯ ಬಗ್ಗೆ ಕಟುವಾಗಿದ್ದರೂ ಆ ತೆರೆದ ಬೋರ್ಸ್ಟಲ್ಲಿನ ದಿನಗಳನ್ನು ಪ್ರೀತಿಯಿಂದ ಚಿತ್ರಿಸಿದ್ದಾನೆ.

ಪ್ಯಾಟರ್ಸನ್ ತರಹದ ಜನ ನಿವೃತ್ತರಾದರು. ಯುದ್ಧ ಬಂತು, ಹುಡುಗರ ಸಂಖ್ಯೆ ಏರಿತು, ಹಿರಿಯರ ಸಂಖ್ಯೆ ಏರಲಿಲ್ಲ. ಮನೆ ಎಂಬ ಹೆಸರು ಉಳಿದು ಒಳಗೆ ಮತ್ತೆ ಜೈಲೇ ಆಯಿತು. ಹೊರಬಂದವರಲ್ಲಿ ಬಹುಪಾಲು ಮಂದಿ ಮರಳಿ ಕಟಕಟೆಗೆ ಬರತೊಡಗಿದರು. 1982ರ ಕಾನೂನು ಇಂಗ್ಲೆಂಡಿನಲ್ಲಿ ಬೋರ್ಸ್ಟಲ್ ಅನ್ನು ರದ್ದುಮಾಡಿತು.

ನಮ್ಮಲ್ಲಿಗೆ ಅದು ಬಂದ ದಾರಿ ಹೀಗಿದೆ. 1919-20ರ ಭಾರತೀಯ ಜೈಲು ಸಮಿತಿ ಹರೆಯದವರನ್ನು ದೊಡ್ಡವರ ಜೈಲಿನಿಂದ ಬೇರ್ಪಡಿಸಬೇಕೆಂದು ಒತ್ತಿ ಹೇಳಿತು. ಅದರ ಬೆನ್ನಿಗೆ ಮದ್ರಾಸು, ಪಂಜಾಬು, ಬಂಗಾಳ ಪ್ರಾಂತ್ಯಗಳು ಬೋರ್ಸ್ಟಲ್ ಕಾಯ್ದೆ ಮಾಡಿದವು. ಮುಂಬೈ ಪ್ರಾಂತ್ಯದ ಕಾಯ್ದೆ 1929ರದು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಬೋರ್ಸ್ಟಲ್ ಶಾಲೆ ನಡೆಯಿತು. ಹೀಗೆ ನ್ಯೂಯಾರ್ಕಿನ ಎಲ್ಮೈರಾದ ಕಲ್ಪನೆ ಕೆಂಟ್‌ನ ಹಳ್ಳಿಯ ಹೆಸರು ಹೊತ್ತು ಕನ್ನಡದ ನೆಲಕ್ಕೆ ಬಂತು. ಬಾಲನ್ಯಾಯ ಕಾಯ್ದೆ 2000ದಲ್ಲಿ ಹುಡುಗರ ವಯಸ್ಸಿನ ಮಿತಿಯನ್ನು 16ರಿಂದ 18ಕ್ಕೆ ಏರಿಸಿದ್ದು ಒಳ್ಳೆಯದೇ ಆಯಿತು. ಆದರೆ ಹದಿನೆಂಟು ದಾಟಿದವರಿಗೆಂದು ಇದ್ದ ಬೋರ್ಸ್ಟಲ್ ಕಲ್ಪನೆ ದೇಶದ ಬಹುತೇಕ ಕಡೆ ಮೂಲೆಗೆ ಸರಿಯಿತು. ಅದರ ಜಾಗದಲ್ಲಿ ಬೇರೇನನ್ನೂ ಯಾರೂ ಕಟ್ಟಲಿಲ್ಲ.

ಇಪ್ಪತ್ತೆರಡು ಬಾಗಿಲುಗಳು

ಇನ್ನು ಒಂಟಾರಿಯೋದ ಎಲ್ಮೈರಾ. ಮೆನನೈಟ್ ಎಂಬ ಕ್ರೈಸ್ತ ಪಂಗಡದವರು ಹೆಚ್ಚಾಗಿರುವ ಸಣ್ಣ ಊರು. ಸೇನೆಗೆ ಸೇರದ, ಹಿಂಸೆಯನ್ನು ಒಪ್ಪದ ಪಂಗಡ ಅದು. 1974ರಲ್ಲಿ ಒಂದು ರಾತ್ರಿ ಕುಡಿದ ಮತ್ತಿನಲ್ಲಿ 18, 19 ವಯಸ್ಸಿನ ಇಬ್ಬರು ಹುಡುಗರು ಊರೆಲ್ಲ ತಿರುಗಿ ದಾಂಧಲೆ ಎಬ್ಬಿಸಿದರು. ಕಾರುಗಳ ಟೈರು ಹರಿದರು, ಕಿಟಕಿ ಒಡೆದರು, ಯಾರದೋ ದೋಣಿ ಎಳೆದು ಹಾಳುಗೆಡವಿದರು, ಚರ್ಚಿನ ಶಿಲುಬೆಯನ್ನೂ ಬಿಡಲಿಲ್ಲ. ಇಪ್ಪತ್ತೆರಡು ಆಸ್ತಿಗಳಿಗೆ ಹಾನಿಯಾಯಿತು. ಅವರಲ್ಲಿ ಒಬ್ಬನ ಹೆಸರು ರಸ್ ಕೆಲಿ. ಬಾಲ್ಯದಲ್ಲೇ ತಂದೆಯನ್ನೂ, ಹದಿನೈದರಲ್ಲಿ ತಾಯಿಯನ್ನೂ ಕಳೆದುಕೊಂಡವನು. ತನ್ನ ಈ ಕಥೆಯನ್ನು ಅವನೇ ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದರಿಂದ ಹೆಸರು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗರು ಕಿಚನರ್ ನಗರದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಶಿಕ್ಷೆಗೆ ಮುನ್ನ ವರದಿ ಬರೆಯಬೇಕಾಗಿದ್ದವನು ಮಾರ್ಕ್ ಯಾಂಟ್ಸಿ ಎಂಬ ಪ್ರೊಬೇಷನ್ ಅಧಿಕಾರಿ. ಮೆನನೈಟ್ ಸಂಘಟನೆಯ ಡೇವ್ ವರ್ತ್ ಮತ್ತಿತರರ ಜೊತೆಗಿನ ಸಭೆಯಲ್ಲಿ ಅವನ ಬಾಯಿಂದ ಒಂದು ಮಾತು ಬಂತು: ಈ ಹುಡುಗರು ತಾವು ಹಾನಿ ಮಾಡಿದವರನ್ನು ಎದುರಾಎದುರು ಕಂಡರೆ ಹೇಗಿರುತ್ತದೆ? ಅದಕ್ಕೆ ಕಾನೂನಿನ ಆಧಾರ ಇರಲಿಲ್ಲ. ಯಾಂಟ್ಸಿಗೂ ಧೈರ್ಯ ಸಾಲದೆ ಸುಮ್ಮನಿದ್ದ. ವರ್ತ್ ಒತ್ತಾಯಿಸಿದ ಮೇಲೆ ಪತ್ರ ನ್ಯಾಯಾಧೀಶ ಗಾರ್ಡನ್ ಮ್ಯಾಕನಲ್ ಅವರ ಮೇಜಿಗೆ ಹೋಯಿತು. ಮೊದಲು ಹಿಂಜರಿದ ನ್ಯಾಯಾಧೀಶರು ಕೊನೆಗೆ ಪ್ರಕರಣವನ್ನು ಮುಂದೂಡಿ, ಹೋಗಿ ಕಂಡು ಬನ್ನಿ ಎಂದರು.

ಇಬ್ಬರು ಹುಡುಗರು ಮನೆ ಮನೆ ತಿರುಗಿದರು. ಬಾಗಿಲು ತಟ್ಟುವವರು ಅವರೇ, ನಾವೇ ಅದನ್ನು ಮಾಡಿದ್ದು ಎಂದು ಹೇಳುವವರೂ ಅವರೇ. ಯಾಂಟ್ಸಿ ಮತ್ತು ವರ್ತ್ ತುಸು ಹಿಂದೆ ಪುಸ್ತಕ ಹಿಡಿದು ನಿಂತು ನಷ್ಟದ ಲೆಕ್ಕ ಬರೆದುಕೊಳ್ಳುತ್ತಿದ್ದರು. ಊರು ಬಿಟ್ಟು ಹೋಗಿದ್ದ ಒಬ್ಬರ ಹೊರತು ಎಲ್ಲರನ್ನೂ ಕಂಡರು. ಕೆಲವರು ಬೈದರು, ಕೆಲವರು ಕ್ಷಮಿಸಿದರು. ಆ ರಾತ್ರಿಯ ನಂತರ ನಿದ್ದೆ ಬಂದಿಲ್ಲ ಎಂದವರೂ ಇದ್ದರು. ನನ್ನ ಮನೆಯ ಮೇಲೆ ಯಾರಿಗೋ ಹಗೆಯಿದೆ ಎಂಬ ಭಯ ಅವರದು. ಮತ್ತಿನಲ್ಲಿ ಸಿಕ್ಕಿದ್ದನ್ನು ಒಡೆದ ಹುಡುಗನಿಗೆ ಅದೊಂದು ರಾತ್ರಿ. ಒಳಗಿದ್ದ ಮುದುಕಿಗೆ ಆಮೇಲಿನ ಎಲ್ಲ ರಾತ್ರಿಗಳು. ಇದನ್ನು ಯಾವ ನ್ಯಾಯಾಲಯದ ಕಡತವೂ ಅವನಿಗೆ ತಿಳಿಸುತ್ತಿರಲಿಲ್ಲ.

ನ್ಯಾಯಾಧೀಶರು ತಲಾ 200 ಡಾಲರ್ ದಂಡ ಮತ್ತು 18 ತಿಂಗಳ ಪ್ರೊಬೇಷನ್ ವಿಧಿಸಿದರು. ವಿಮೆಯಿಂದ ಭರ್ತಿಯಾಗದ ನಷ್ಟವನ್ನು ಹುಡುಗರೇ ತೀರಿಸಬೇಕೆಂದರು. ಕೆಲವೇ ತಿಂಗಳಲ್ಲಿ ಅವರು ಮತ್ತೆ ಅವೇ ಬಾಗಿಲುಗಳನ್ನು ತಟ್ಟಿ ಹಣ ಒಪ್ಪಿಸಿದರು. ಕೆಲಿ ಹೇಳುವಂತೆ, ಎರಡನೆಯ ಸಲ ಊರಿನ ರಸ್ತೆಯಲ್ಲಿ ತಲೆಯೆತ್ತಿ ನಡೆಯುವುದು ಸಾಧ್ಯವಾಯಿತು.

ಆಮೇಲೆ ಕೆಲಿ ತನ್ನ ಪಾಡಿಗೆ ಬದುಕಿಕೊಂಡಿದ್ದ. ಕಿಚನರ್‌ನಲ್ಲಿ ಆರಂಭವಾದ ಅಪರಾಧಿ-ಸಂತ್ರಸ್ತರ ಸಂಧಾನದ ಕೆಲಸ 1978ರಲ್ಲಿ ಅಮೆರಿಕದ ಇಂಡಿಯಾನಾಕ್ಕೆ ಹಬ್ಬಿತು. ಮುಂದೆ ರೆಸ್ಟೋರೇಟಿವ್ ಜಸ್ಟಿಸ್ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಪಸರಿಸಿತು. ಮುರಿದ ಸಂಬಂಧವನ್ನು ಮತ್ತೆ ಕೂಡಿಸುವ ನ್ಯಾಯ ಎಂದು ಕನ್ನಡದಲ್ಲಿ ಹೇಳಬಹುದೇನೋ. ಕೆಲಿಗೆ ಇದಾವುದೂ ಗೊತ್ತಿರಲಿಲ್ಲ. ಸುಮಾರು ಮೂರು ದಶಕಗಳ ನಂತರ, ನಡುವಯಸ್ಸಿನಲ್ಲಿ ಅವನು ಕಿಚನರ್‌ನ ಕಾಲೇಜೊಂದರಲ್ಲಿ ಕಾನೂನಿನ ಕೋರ್ಸಿಗೆ ಸೇರಿದ. ಒಂದು ದಿನ ಅತಿಥಿ ಉಪನ್ಯಾಸಕರು ತರಗತಿಗೆ ಬಂದು ಹೆಸರುವಾಸಿ ಎಲ್ಮೈರಾ ಪ್ರಕರಣವನ್ನು ವಿವರಿಸತೊಡಗಿದರು. ಇಬ್ಬರು ಹುಡುಗರು, ಇಪ್ಪತ್ತೆರಡು ಮನೆ. ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದವನಿಗೆ ಅದು ತನ್ನದೇ ಕಥೆ ಎಂದು ಹೊಳೆಯಿತು. ಬಳಿಕ ಅವನು ಅದೇ ಸಂಧಾನ ಕೇಂದ್ರದಲ್ಲಿ ಸ್ವಯಂಸೇವಕನಾದ.

ಕ್ಷಮೆಯ ಬೆಲೆ

ಇದು ಪಶ್ಚಿಮದ ಆವಿಷ್ಕಾರ ಎಂದು ತಿಳಿಯಬೇಕಾಗಿಲ್ಲ. ನ್ಯೂಜಿಲೆಂಡ್ 1989ರಲ್ಲಿ ಹದಿಹರೆಯದ ಅಪರಾಧಿಗಳಿಗಾಗಿ ಕುಟುಂಬ ಸಭೆಯನ್ನು ಕಾನೂನಿನಲ್ಲೇ ಅಳವಡಿಸಿದಾಗ ಅದರ ಹಿಂದೆ ಮಾವೋರಿ ಜನರ ರೂಢಿ ಇತ್ತು. ಹುಡುಗ, ಅವನ ಬಳಗ, ನೊಂದವರು, ಪೊಲೀಸರು ಒಂದೇ ಕೋಣೆಯಲ್ಲಿ ಕುಳಿತು ಪರಿಹಾರ ಹುಡುಕುವ ಸಭೆ ಅದು. ನಮ್ಮ ಓದುಗರಿಗೆ ಕುರ್‌ಆನಿನ ಕಿಸಾಸ್ ವಚನ ನೆನಪಾಗಬಹುದು. ಕೊಲೆಯಂತಹ ಅಪರಾಧದಲ್ಲೂ ನೊಂದ ಕುಟುಂಬಕ್ಕೆ ಕ್ಷಮಿಸುವ ಬಾಗಿಲನ್ನು ಅದು ತೆರೆದಿಡುತ್ತದೆ, ಆ ಘಟ್ಟದಲ್ಲಿ ಸಹೋದರ ಎಂಬ ಪದವನ್ನು ಬಳಸುತ್ತದೆ. ಸುಲ್ಹ್, ಅಂದರೆ ರಾಜಿ, ಇಸ್ಲಾಮೀ ನ್ಯಾಯಪರಂಪರೆಯಲ್ಲಿ ಗೌರವದ ಸ್ಥಾನ ಪಡೆದಿದೆ.

ಆದರೆ ಇದನ್ನು ಹೇಳಿ ಎದೆಯುಬ್ಬಿಸಿ ಕುಳಿತರೆ ಸಾಲದು. ಪಾಕಿಸ್ತಾನದಲ್ಲಿ 1990ರಿಂದ ಜಾರಿಗೆ ಬಂದ ಕಿಸಾಸ್-ದಿಯತ್ ಕಾನೂನು ಏನಾಯಿತು? ಮನೆಯ ಮಗಳನ್ನು ಮರ್ಯಾದೆಯ ಹೆಸರಲ್ಲಿ ಕೊಂದ ಅಣ್ಣನನ್ನು ಅಪ್ಪ ಕ್ಷಮಿಸುತ್ತಿದ್ದ. ಕೊಂದವನೂ ಮನೆಯವನೇ, ಕ್ಷಮಿಸುವವನೂ ಮನೆಯವನೇ. ದುಡ್ಡಿದ್ದವರು ಬಡವರ ಕ್ಷಮೆಯನ್ನು ಕೊಂಡುಕೊಂಡರು. 2016ರಲ್ಲಿ ಅಲ್ಲಿನ ಸಂಸತ್ತು ಮರ್ಯಾದಾ ಹತ್ಯೆಯಲ್ಲಿ ಕ್ಷಮೆ ಸಿಕ್ಕರೂ ಜೀವಾವಧಿ ಶಿಕ್ಷೆ ತಪ್ಪದಂತೆ ತಿದ್ದುಪಡಿ ತರಬೇಕಾಯಿತು. ನಮ್ಮ ಹಳ್ಳಿಗಳ ಪಂಚಾಯಿತಿ ಕಟ್ಟೆಯಲ್ಲಿ ಅತ್ಯಾಚಾರಕ್ಕೊಳಗಾದ ಹುಡುಗಿಗೆ ರಾಜಿ ಮಾಡಿಕೊ ಎನ್ನುವ ಗಂಡಸರಿಗೂ ಈ ನ್ಯಾಯದ ಹೆಸರು ಹೇಳುವ ಹಕ್ಕಿಲ್ಲ. ನೊಂದವರು ಬೇಡವೆಂದರೆ ಅಲ್ಲಿಗೆ ನಿಲ್ಲಬೇಕು. ಒಂಟಾರಿಯೋದ ಹುಡುಗರು ಬಾಗಿಲು ತಟ್ಟಿದರು, ತಳ್ಳಿ ಒಳಗೆ ಹೋಗಲಿಲ್ಲ.

ಎಚ್ಚರಿಕೆಯಿಂದ ನಡೆಸಿದಾಗ ಫಲವುಂಟೇ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಇಂಗ್ಲೆಂಡಿನಲ್ಲಿ 2001ರಿಂದ ನಡೆದ ಪ್ರಯೋಗಗಳಲ್ಲಿ ಕೆಲವು ಜೈಲಿನೊಳಗೇ ನಡೆದವು. ಜೋಆನಾ ಶಾಪ್‌ಲ್ಯಾಂಡ್ ನೇತೃತ್ವದ ತಂಡ 2008ರಲ್ಲಿ ಕೊಟ್ಟ ಮೌಲ್ಯಮಾಪನದಂತೆ, ಮರು ಅಪರಾಧದ ಪ್ರಮಾಣ ಶೇಕಡಾ 14ರಷ್ಟು ತಗ್ಗಿತು. ಮುಖಾಮುಖಿ ಸಭೆಗೆ ಬಂದ ಸಂತ್ರಸ್ತರಲ್ಲಿ ಶೇ. 85 ಮಂದಿ ತೃಪ್ತಿ ವ್ಯಕ್ತಪಡಿಸಿದರು. 14 ದೊಡ್ಡ ಸಂಖ್ಯೆಯಲ್ಲ ಎನ್ನಬಹುದು. ನನಗೆ ಮುಖ್ಯವೆನಿಸುವುದು ಎರಡನೆಯ ಸಂಖ್ಯೆ. ನ್ಯಾಯಾಲಯದಿಂದ ಹೊರಬರುವ ಸಂತ್ರಸ್ತರನ್ನು ನಮ್ಮಲ್ಲಿ ಯಾರಾದರೂ ತೃಪ್ತಿಯಾಯಿತೇ ಎಂದು ಕೇಳಿದ್ದುಂಟೇ?

ಒಳಗಿನ ಗುರು

ಎದುರು ಕೂರುವವರ ಕಥೆ ಇದಾದರೆ, ಪಕ್ಕದಲ್ಲಿ ಕೂರುವವರದು ಇನ್ನೊಂದು. 1946ರ ಫೆಬ್ರವರಿಯಲ್ಲಿ ಇಪ್ಪತ್ತರ ಹರೆಯದ ಮಾಲ್ಕಮ್ ಲಿಟ್ಲ್ ಎಂಬ ಕರಿಯ ಯುವಕ ಕಳ್ಳತನಕ್ಕಾಗಿ ಬೋಸ್ಟನ್ನಿನ ಚಾರ್ಲ್ಸ್‌ಟೌನ್ ಜೈಲು ಸೇರಿದ. ದೇವರ ಮೇಲೂ ಮನುಷ್ಯರ ಮೇಲೂ ಸಿಟ್ಟು. ಅಲ್ಲಿ ಅವನಿಗೆ ಸಿಕ್ಕವನು ಜಾನ್ ಎಲ್ಟನ್ ಬೆಂಬ್ರಿ ಎಂಬ ಹಿರಿಯ ಕೈದಿ. ಆತ್ಮಕಥೆಯಲ್ಲಿ ಅವನನ್ನು ಬಿಂಬಿ ಎಂದು ಕರೆಯಲಾಗಿದೆ. ಬಿಂಬಿ ಮಾತಾಡಲು ನಿಂತರೆ ಕೈದಿಗಳಷ್ಟೇ ಅಲ್ಲ, ಕಾವಲುಗಾರರೂ ಕಿವಿಗೊಡುತ್ತಿದ್ದರಂತೆ. ಬೈಗುಳವಿಲ್ಲದೆ, ಬರೀ ಮಾತಿನ ತೂಕದಿಂದ ಒಬ್ಬ ಮನುಷ್ಯ ಗೌರವ ಗಳಿಸಬಹುದು ಎಂಬುದನ್ನು ಮಾಲ್ಕಮ್ ಮೊದಲು ಕಂಡದ್ದು ಅವನಲ್ಲಿ. ಗ್ರಂಥಾಲಯಕ್ಕೆ ಹೋಗು, ಅಂಚೆ ಪಾಠಗಳಿಗೆ ಸೇರು ಎಂದು ಬಿಂಬಿ ಗದರಿಸಿದ. ಎರಡು ವರ್ಷದ ಬಳಿಕ ಒಳ್ಳೆಯ ಗ್ರಂಥಾಲಯವಿದ್ದ ನಾರ್‌ಫೋಕ್ ಜೈಲಿಗೆ ವರ್ಗವಾದಾಗ ಮಾಲ್ಕಮ್ ರಾತ್ರಿ ದೀಪವಾರಿದ ಮೇಲೂ ಓದುತ್ತಿದ್ದ, ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದ. 1952ರ ಆಗಸ್ಟಿನಲ್ಲಿ ಹೊರಬಂದವನನ್ನು ಜಗತ್ತು ಮಾಲ್ಕಮ್ ಎಕ್ಸ್ ಎಂದು ತಿಳಿದಿದೆ. ಬಿಂಬಿಯನ್ನು ನೆನೆಯುವವರು ಕಡಿಮೆ. ಅವನನ್ನು ಯಾವ ಇಲಾಖೆಯೂ ನೇಮಿಸಿರಲಿಲ್ಲ.

ಆ ಕೆಲಸಕ್ಕೆ ಇಲಾಖೆಯೇ ಕೈಹಾಕಿದ್ದು ಬಹಳ ತಡವಾಗಿ. ಜರ್ಮನಿಯಲ್ಲಿ 1953ರಿಂದ 18ರಿಂದ 20ರ ವಯಸ್ಸಿನವರಿಗೂ, ಅವರ ಪ್ರೌಢಿಮೆ ನೋಡಿ, ಬಾಲನ್ಯಾಯದ ಕಾನೂನನ್ನೇ ಅನ್ವಯಿಸಲು ಅವಕಾಶವಿದೆ. 2015ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗವರ್ನರ್ ಡ್ಯಾನೆಲ್ ಮಲಾಯ್ ಮತ್ತು ಜೈಲು ಆಯುಕ್ತ ಸ್ಕಾಟ್ ಸೆಂಪಲ್ ಜರ್ಮನಿಗೆ ಹೋಗಿ ನಾಯ್‌ಸ್ಟ್ರೆಲಿಟ್ಸ್‌ನ ಯುವ ಕೈದಿಗಳ ಜೈಲನ್ನು ನೋಡಿದರು. ಮರಳಿ ಬಂದು 2017ರಲ್ಲಿ ಚೆಶೈರ್ ಜೈಲಿನ ಒಂದು ಭಾಗವನ್ನು 18ರಿಂದ 25ರ ವಯಸ್ಸಿನವರಿಗೆ ಮೀಸಲಿಟ್ಟರು. ಈ ಚೆಶೈರ್ ಜೈಲು 1913ರಲ್ಲಿ ಆರಂಭವಾದದ್ದೇ ಎಲ್ಮೈರಾ ಮಾದರಿಯ ಸುಧಾರಣಾಲಯವಾಗಿ. ನೂರು ವರ್ಷಗಳಲ್ಲಿ ಅದು ಸಾಮಾನ್ಯ ಜೈಲಾಗಿಬಿಟ್ಟಿತ್ತು.

ಅಲ್ಲಿ ಯುವಕರಿಗೆ ಮಾರ್ಗದರ್ಶಕರಾಗಿ ಆಯ್ಕೆಯಾದವರು ದೀರ್ಘಾವಧಿಯ, ಜೀವಾವಧಿಯ ಕೈದಿಗಳು. ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿರುವವರೂ ಅವರಲ್ಲಿದ್ದರು. ಹಳೆಯ ಅಪರಾಧಿಗಳ ಸಹವಾಸ ಹುಡುಗರನ್ನು ಕೆಡಿಸುತ್ತದೆ ಎಂಬ ಭಯದಿಂದಲೇ ಎಲ್ಮೈರಾ ಹುಟ್ಟಿತ್ತಲ್ಲ! ಇಲ್ಲಿ ಅದೇ ಹಳಬರಲ್ಲಿ ತಮ್ಮ ತಪ್ಪನ್ನು ನೋಡಿಕೊಂಡವರನ್ನು ಆರಿಸಿ ತರಬೇತಿ ಕೊಟ್ಟು ಹುಡುಗರ ಪಕ್ಕದ ಕೋಣೆಯಲ್ಲಿಟ್ಟರು. ದಿನದ ಬಹುಭಾಗ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಜಗಳವಾದರೆ ಕತ್ತಲ ಕೋಣೆಗೆ ದೂಡುವ ಮೊದಲು ವೃತ್ತಾಕಾರದಲ್ಲಿ ಕುಳಿತು ಮಾತಾಡುತ್ತಿದ್ದರು. ಮನೆಯವರ ಭೇಟಿಗೆ ಹೆಚ್ಚು ಸಮಯ ಸಿಗುತ್ತಿತ್ತು. ವೀರಾ ಎಂಬ ಸಂಸ್ಥೆ ಇದೇ ಬಗೆಯ ವಿಭಾಗಗಳನ್ನು ದಕ್ಷಿಣ ಕ್ಯಾರೊಲಿನಾದ ಜೈಲುಗಳಲ್ಲೂ ತೆರೆಯಿತು. ಅಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಈ ವಿಭಾಗಕ್ಕೆ ಆಯ್ದು, ಉಳಿದವರನ್ನು ಸಾಮಾನ್ಯ ಬ್ಯಾರಕ್ಕಿನಲ್ಲೇ ಬಿಟ್ಟು ಹೋಲಿಸಿ ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ವಿಭಾಗದಲ್ಲಿದ್ದವರು ಹಿಂಸೆಯ ಪ್ರಕರಣದಲ್ಲಿ ಸಿಲುಕುವ ಸಂಭವ ಶೇ. 73ರಷ್ಟು, ಒಂಟಿ ಸೆರೆಗೆ ಹೋಗುವ ಸಂಭವ ಶೇ. 83ರಷ್ಟು ಕಡಿಮೆಯಾಗಿತ್ತು.

ಇಷ್ಟಾದರೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಆ ಹಿರಿಯ ಕೈದಿ ಕೊಂದವನ ತಾಯಿ ಎಲ್ಲೋ ಇದ್ದಾಳೆ. ಅವನು ಈಗ ಹತ್ತಾರು ಹುಡುಗರಿಗೆ ಗುರುವಾಗಿರುವುದು ಅವಳಿಗೆ ಸಮಾಧಾನ ತರುವುದೋ, ಸಂಕಟ ತರುವುದೋ? ಮಾರ್ಗದರ್ಶನದ ಯೋಜನೆಗಳು ಕೈದಿಯನ್ನು ಚೆನ್ನಾಗಿ ನೋಡುತ್ತವೆ, ನೊಂದವರತ್ತ ಆಗಾಗ ಬೆನ್ನು ಮಾಡುತ್ತವೆ. ಮೊದಲ ಎಲ್ಮೈರಾದ ಆ ಹಳೆಯ ಕೊರತೆ ಇನ್ನೂ ಪೂರ್ತಿ ನೀಗಿಲ್ಲ.

ನಮ್ಮ ಅಂಗಳ

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1958ರ ಪ್ರೊಬೇಷನ್ ಕಾಯ್ದೆಯ 6ನೇ ಕಲಮು, ಜೀವಾವಧಿಯಷ್ಟು ಘೋರವಲ್ಲದ ಅಪರಾಧ ಮಾಡಿದ 21ರೊಳಗಿನವರನ್ನು ಜೈಲಿಗೆ ಕಳುಹಿಸಬಾರದು, ಕಳುಹಿಸಲೇಬೇಕಾದರೆ ನ್ಯಾಯಾಲಯ ಕಾರಣ ಬರೆದಿಡಬೇಕು ಎನ್ನುತ್ತದೆ. ಈ ಕಲಮಿನ ಹೆಸರನ್ನೇ ಕೇಳದೆ ಜೈಲಿಗೆ ಹೋದ ಬಡ ಹುಡುಗರು ಎಷ್ಟೋ. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬನ ಪತ್ರದಿಂದ ಆರಂಭವಾದ ರಾಮಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಜೈಲುಗಳ ಒಂಬತ್ತು ರೋಗಗಳನ್ನು ಪಟ್ಟಿಮಾಡಿತು. ಅದರಲ್ಲಿ ಕಿಕ್ಕಿರಿದ ಬ್ಯಾರಕ್ಕು, ವಿಚಾರಣೆಯ ವಿಳಂಬ ಮೊದಲ ಸಾಲಿನಲ್ಲೇ ಇದ್ದವು.

ವಿಚಾರಣೆಯ ವಿಳಂಬ ಈ ಚರ್ಚೆಯಲ್ಲಿ ಸಣ್ಣ ಮಾತಲ್ಲ. ಕೆಲಿ ತಪ್ಪೊಪ್ಪಿಕೊಂಡ ಮೇಲೆ ಬಾಗಿಲು ತಟ್ಟಿದ್ದು. ನಮ್ಮ ಜೈಲಿನಲ್ಲಿರುವ ಹುಡುಗರಲ್ಲಿ ಬಹುಪಾಲು ಮಂದಿಯ ತಪ್ಪು ಇನ್ನೂ ಸಾಬೀತಾಗಿಲ್ಲ. ಅವರ ಮುಂದೆ ಹೋಗಿ ಪಶ್ಚಾತ್ತಾಪ ಪಡು ಎನ್ನುವುದು ಅನ್ಯಾಯದ ಮೇಲೆ ಅನ್ಯಾಯ. ಅವರಿಗೆ ಮೊದಲು ಬೇಕಾದದ್ದು ಜಾಮೀನು ಮತ್ತು ವಕೀಲ. ಕಲಬುರಗಿಯ ವಿದ್ಯಾರ್ಥಿಯೊಬ್ಬ ಇಪ್ಪತ್ತರ ಆಸುಪಾಸಿನಲ್ಲಿ 1994ರಲ್ಲಿ ಸ್ಫೋಟದ ಆರೋಪದಲ್ಲಿ ಬಂಧಿತನಾಗಿ, 2016ರಲ್ಲಿ ಸುಪ್ರೀಂ ಕೋರ್ಟಿನಿಂದ ಆರೋಪಮುಕ್ತನಾಗಿ ಹೊರಬಂದ. ಇಲ್ಲಿ ಹಾನಿ ಮಾಡಿದ್ದು ಪ್ರಭುತ್ವ, ನೊಂದದ್ದು ಆ ಹುಡುಗ ಮತ್ತು ಅವನ ಮನೆ. ಎದುರಾಎದುರು ಕೂರಿಸುವ ನ್ಯಾಯವನ್ನು ನಾವು ನಿಜಕ್ಕೂ ಒಪ್ಪುವುದಾದರೆ ಆ ಮನೆಯ ಬಾಗಿಲನ್ನೂ ಯಾರೋ ತಟ್ಟಬೇಕಾಗುತ್ತದೆ.

ಪಕ್ಕದಲ್ಲಿ ಕೂರುವ ಕೆಲಸಕ್ಕಾದರೂ ತೀರ್ಪಿನ ತನಕ ಕಾಯಬೇಕಿಲ್ಲ. ತಪ್ಪು ಮಾಡಿದವನಿಗೂ ಮಾಡದವನಿಗೂ ಆ ಗೋಡೆಯೊಳಗೆ ಓದಿಸುವ, ಮಾತಾಡಿಸುವ ಒಬ್ಬ ಹಿರಿಯ ಬೇಕು. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ರಾಜ್ಯದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಆಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದು ಇದು ನಮ್ಮಲ್ಲೂ ಆಗುವ ಕೆಲಸ ಎಂದು ತೋರಿಸಿದ್ದಾರೆ. ಜೈಲು ನಿಯಮಗಳಲ್ಲಿ ಅಧಿಕಾರೇತರ ಸಂದರ್ಶಕರು ಎಂಬ ಹುದ್ದೆ ಬ್ರಿಟಿಷರ ಕಾಲದಿಂದಲೂ ಇದೆ. ಊರಿನ ಗೌರವಸ್ಥರನ್ನು ಸರ್ಕಾರ ನೇಮಿಸುತ್ತದೆ. ಅವರು ಜೈಲಿನೊಳಗೆ ಹೋಗಿ ಕೈದಿಗಳನ್ನು ಕಂಡು ಮಾತಾಡಬಹುದು. ನಿವೃತ್ತ ಮೇಷ್ಟ್ರು, ಮಸೀದಿ ಸಮಿತಿಯ ಹಿರಿಯರು, ಮಹಿಳಾ ಸಂಘದವರು ಇದಕ್ಕೆ ಹೆಸರು ಕೊಡಬಹುದು. ರಂಜಾನಿನಲ್ಲಿ ಖರ್ಜೂರದ ಪೊಟ್ಟಣ ಹಂಚಿ ಫೋಟೋ ತೆಗೆಸಿಕೊಂಡು ಬರುವ ಸಂಘಟನೆಗಳು ನಮ್ಮಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಒಂದಾದರೂ ಶವ್ವಾಲ್ ತಿಂಗಳಲ್ಲಿ ಮತ್ತೆ ಅದೇ ಗೇಟಿಗೆ ಹೋಗಿ, ಅದೇ ಹುಡುಗನ ಹೆಸರು ಹೇಳಿ ಅವನನ್ನು ಕರೆಸಿ ಮಾತಾಡಿದೆಯೇ?